ಪುಟದ ಅಡಿಯಲ್ಲೊಂದು ಸಾಲು

ಗಂಜಿ ಹಾಕಿದ ಹತ್ತಿಬಟ್ಟೆಯ ಮೇಲೆ ಕುದಿನೀರು ತುಂಬಿದ ಚೊಂಬನ್ನು ಒತ್ತಿ ಎಳೆದಾಗ ಏಳುವ ವಾಸನೆಗೆ ಹೆಸರಿಲ್ಲ. ಸ್ವಲ್ಪ ಅನ್ನದ್ದು, ಸ್ವಲ್ಪ ಬಿಸಿಲಿನದು, ಸ್ವಲ್ಪ ಎಲ್ಲಿ ಸುಟ್ಟೀತೋ ಎಂಬ ಹೆದರಿಕೆಯದು. ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇಲ್ಲದ ಕಾಲದಲ್ಲಿ ಅಕ್ಕ ನೆಲದ ಮೇಲೆ ಹಳೆಯ ಕಂಬಳಿ ಹಾಸಿ, ಚೊಂಬಿನ ಕುತ್ತಿಗೆಗೆ ಬಟ್ಟೆ ಸುತ್ತಿ ಹಿಡಿದು, ಮೊದಲು ತಂಗಿಯ ಶಾಲೆಯ ಅಂಗಿಯನ್ನು ಉಜ್ಜಿ, ನೀರು ಆರುತ್ತ ಬಂದ ಮೇಲೆ ತನ್ನದನ್ನು ಉಜ್ಜಿಕೊಳ್ಳುತ್ತಿದ್ದಳು. ಅದಕ್ಕೇ ಅಕ್ಕನ ಅಂಗಿಯಲ್ಲಿ ಯಾವಾಗಲೂ ಒಂದೆರಡು ಸುಕ್ಕು ಉಳಿದಿರುತ್ತಿದ್ದವು; ಅದನ್ನು ಅಕ್ಕನ ಅಸಡ್ಡೆ ಎಂದೇ ತಂಗಿ ಎಷ್ಟೋ ವರ್ಷ ತಿಳಿದಿದ್ದಳು. ಈಗ ಪ್ರಿಂಟರಿನ ಬಾಯಿಂದ ಹೊರಬಂದ ದಿನದ ಮೊದಲ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದಾಗ ಅದೇ ಬಿಸಿ, ಅದರ ಹತ್ತಿರ ಹತ್ತಿರದ ವಾಸನೆ. ಆ ತಂಗಿ ತನಗರಿಯದಂತೆ ಹಾಳೆಯನ್ನು ಮುಖದ ಹತ್ತಿರ ತಂದುಕೊಂಡಳು.

"ಏನ್ ಮೇಡಂ, ರಿಪೋರ್ಟು ಮೂಸಿ ನೋಡ್ತಿದ್ದೀರಾ?" ಎಂದಳು ಕೌಂಟರಿನ ಹುಡುಗಿ. "ಸಕ್ಕರೆ ಎಷ್ಟಿದೆ ಅಂತ ವಾಸನೆಯಲ್ಲೇ ಗೊತ್ತಾಗೋದಾದ್ರೆ ನಮ್ಮ ಮೆಷಿನ್ನುಗಳನ್ನೆಲ್ಲ ತೂಕಕ್ಕೆ ಹಾಕಬಹುದು."

ಅವಳು ನಕ್ಕು ಹಾಳೆಯನ್ನು ಕೆಳಗಿಳಿಸಿ ಓದತೊಡಗಿದಳು. ರಕ್ತಪರೀಕ್ಷೆಯ ಆ ಲ್ಯಾಬಿನಲ್ಲಿ ಅವಳಿಗೆ ಕಂಪ್ಯೂಟರಮ್ಮ ಎಂದೇ ಹೆಸರು. ಸೂಜಿ, ಸೀಸೆ, ಮೆಷಿನ್ನುಗಳ ಕೆಲಸ ಮುಗಿದ ಮೇಲೆ ಬರುವ ಅಂಕಿಗಳೆಲ್ಲ ಅವಳ ಕೋಣೆಗೆ ಬಂದು, ಅಲ್ಲಿ ರಿಪೋರ್ಟಾಗಿ, ಡಾಕ್ಟರ ಸಹಿ ಹೊತ್ತು, ಪಿಡಿಎಫ್ ಆಗಿ, ಜನರ ಫೋನುಗಳಿಗೆ ಹಾರಿಹೋಗುತ್ತಿದ್ದವು. ನಿನ್ನೆ ಮಧ್ಯಾಹ್ನವಿಡೀ ಕೂತು ಆ ಪಿಡಿಎಫ್‌ನ ಸೆಟ್ಟಿಂಗುಗಳನ್ನು ಹೊಸದಾಗಿ ಮಾಡಿದ್ದಳಾದ್ದರಿಂದ ಇವತ್ತಿನ ಮೊದಲ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೂ ಕಣ್ಣಿಟ್ಟು ನೋಡಬೇಕಿತ್ತು. ಮೇಲೆ ಲ್ಯಾಬಿನ ಹೆಸರು ಸರಿಯಾಗಿದೆ. ಎಡಗಡೆಯ ಮಾರ್ಜಿನ್, ಫೈಲಿಗೆ ತೂತು ಹೊಡೆದರೂ ಅಕ್ಷರ ಹೋಗದಷ್ಟು ಇದೆ. ಅಂಕಿಗಳು ಒಂದರ ಕೆಳಗೊಂದು ಶಾಲೆಯ ಸಾಲಿನ ಹಾಗೆ ನಿಂತಿವೆ. ಕಣ್ಣು ಪುಟದ ನಡುವಿಗೆ ಬಂದಿತ್ತು. ಆಗ ಬಾಗಿಲು ತೆರೆದುಕೊಂಡಿತು, ಅಕ್ಕ ಒಳಗೆ ಬಂದಳು.

ಅವಳಿಗೆ ಗೊತ್ತಿತ್ತು, ಅಕ್ಕ ಇವತ್ತು ಬರುವ ದಿನ. ಮೂರು ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಟ್ಟು, ಮನೆಗೆ ಹೋಗಿ ತಿಂಡಿ ತಿಂದು, ಎರಡು ಗಂಟೆ ಬಿಟ್ಟು ಮತ್ತೆ ಬಂದು ಇನ್ನೊಮ್ಮೆ ಕೊಡುವುದು ಅಕ್ಕನ ಕ್ರಮ. ಆ ನಡುವೆ ಎಷ್ಟೋ ಸಲ ತಂಗಿಯ ಕೋಣೆಯಲ್ಲಿ ಕೂತು, ಮೇಜಿನ ಧೂಳು ತನ್ನ ಸೆರಗಿನಿಂದಲೇ ಒರೆಸಿ, ಊರ ಸುದ್ದಿಯೆಲ್ಲ ಹೇಳಿ ಹೋಗುತ್ತಿದ್ದಳು. ಈ ಸಲ ಬೇರೆ ಲ್ಯಾಬಿಗೆ ಹೋಗಬಹುದೆಂದು ಅವಳು ಎಣಿಸಿದ್ದಳು. ಹೋದರೆ ಎಷ್ಟು ಸಂಕಟವಾದೀತೆಂದೂ, ಬಂದರೆ ಅದಕ್ಕಿಂತ ಹೆಚ್ಚು ಸಂಕಟವಾದೀತೆಂದೂ ಎರಡನ್ನೂ ಅಳೆದು ನೋಡಿದ್ದಳು. ಅಕ್ಕ ಬಂದಳು. ಕೌಂಟರಿನ ಹುಡುಗಿಯ ಕೆನ್ನೆ ತಟ್ಟಿದಳು. ರಕ್ತ ತೆಗೆಯುವ ಸೊಳ್ಳೆರಾಯರನ್ನು ಚೆನ್ನಾಗಿದ್ದೀರಾ ಎಂದು ಕೇಳಿದಳು. ಅವರ ನಿಜವಾದ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತು. ಕುಟುಕಿದ್ದು ಗೊತ್ತಾಗದಂತೆ ಕುಟುಕುತ್ತಾರೆಂದು ಬಂದ ಬಿರುದು ಅದು, ಅವರಿಗೂ ಅದರ ಮೇಲೆ ಅಭಿಮಾನ. ಆಮೇಲೆ ಅಕ್ಕ ಸಾಲಿನಲ್ಲಿದ್ದ ಕುರ್ಚಿಗಳನ್ನೆಲ್ಲ ನೋಡಿ, ತಂಗಿಯ ಗಾಜಿನ ಕೋಣೆಗೆ ಪೂರ್ತಿ ಬೆನ್ನಾಗುವಂಥ ಒಂದನ್ನು ಆರಿಸಿಕೊಂಡು ಕೂತಳು.

"ಎಡಗೈಯೋ ಬಲಗೈಯೋ ಅಮ್ಮ?"

"ಯಾವುದಾದ್ರೂ ತಗೊಳ್ಳಿ ರಾಯರೇ. ಎರಡೂ ನನ್ನವೇ."

ಮಾತು ತನ್ನವರೆಗೂ ಕೇಳಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದಳೇ, ಅಥವಾ ಅಕ್ಕನ ದನಿಯೇ ಅಷ್ಟೇ? ಇಷ್ಟು ವರ್ಷ ಕೇಳಿದ ದನಿ ಗಟ್ಟಿಯೋ ಮೆತ್ತಗೋ ಎಂದು ತನಗೇ ಗೊತ್ತಿಲ್ಲವಲ್ಲ ಎನಿಸಿ ಅವಳಿಗೆ ವಿಚಿತ್ರವಾಯಿತು. ಬೆನ್ನು ಮಾತ್ರ ಚೆನ್ನಾಗಿ ಗೊತ್ತಿತ್ತು. ಸಿಟ್ಟು ಬಂದಾಗ ಅಕ್ಕನ ಎಡ ಹೆಗಲು ಬಲದ್ದಕ್ಕಿಂತ ಒಂದು ಬೆರಳು ಮೇಲೇರುತ್ತದೆ. ಇವತ್ತೂ ಏರಿತ್ತು. ತಂಗಿಯ ಕೈಯಲ್ಲಿದ್ದ ಹಾಳೆ ಆರಿಹೋಗಿತ್ತು. ಅದರ ಕೆಳಗಿನ ಅರ್ಧ ಓದದೆಯೇ ಅದನ್ನು ತಟ್ಟೆಯಲ್ಲಿಟ್ಟು, ಎಲ್ಲ ಸರಿಯಿದೆ ಎಂದು ಕಂಪ್ಯೂಟರಿನಲ್ಲಿ ಒತ್ತಿಬಿಟ್ಟಳು.

ಆದದ್ದಾದರೂ ಏನು? ಯಾರಿಗಾದರೂ ಹೇಳಿದರೆ ನಕ್ಕಾರು. ಅಕ್ಕನ ಹೊಸ ಬೀಗರು, ಅವಳ ಮಗಳ ಅತ್ತೆ ಮಾವ, ಊಟಕ್ಕೆ ಬಂದಿದ್ದರು. ಊಟವಾಗಿ, ಕೈ ತೊಳೆಯಲು ಯಾರೂ ಏಳದೆ, ಮಾತು ಸುಖವಾಗಿ ಹರಡಿಕೊಂಡ ಹೊತ್ತಿನಲ್ಲಿ ಅಕ್ಕ ಫೋಟೋದ ಕಥೆ ತೆಗೆದಳು. ಆ ಕಥೆ ಮನೆಯವರಿಗೆಲ್ಲ ಬಾಯಿಪಾಠ. ಮದುವೆಯಲ್ಲಿ, ಗೃಹಪ್ರವೇಶದಲ್ಲಿ, ಒಮ್ಮೆ ಆಸ್ಪತ್ರೆಯ ಜಗಲಿಯಲ್ಲೂ ಅಕ್ಕ ಅದನ್ನು ಹೇಳಿದ್ದಾಳೆ. ಅಪ್ಪ, ಅಮ್ಮ, ಅಕ್ಕ, ಮೂರು ವರ್ಷದ ತಂಗಿ ಫೋಟೋ ತೆಗೆಸಿಕೊಳ್ಳಲು ಹೋದದ್ದು, ಫೋಟೋದವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ "ಯಾರೂ ಉಸಿರು ಬಿಡಬೇಡಿ" ಎಂದದ್ದು, ತಂಗಿ ಆ ಮಾತನ್ನು ನಿಜವೆಂದೇ ನಂಬಿ ಉಸಿರು ಕಟ್ಟಿ ಕೂತದ್ದು. ಅಕ್ಕ ಉಸಿರು ಕಟ್ಟುವುದನ್ನು ಅಭಿನಯಿಸಿ ತೋರಿಸುತ್ತ ಕೆನ್ನೆ ಉಬ್ಬಿಸಿಕೊಂಡಿದ್ದಳು. ಬೀಗರು ಮುಂದಕ್ಕೆ ಬಾಗಿದ್ದರು. ಆಗ, ಆ ಉಬ್ಬಿದ ಕೆನ್ನೆಯ ಮುಂದೆ, ತಂಗಿಯ ಬಾಯಿ ತಾನಾಗಿ ತೆರೆದುಕೊಂಡು ಕಥೆಯ ಕೊನೆಯ ಮಾತನ್ನು ಹೇಳಿಬಿಟ್ಟಿತು. ಎಲ್ಲರೂ ಗೊಳ್ಳೆಂದು ನಕ್ಕರು. ಅಕ್ಕನ ಕೆನ್ನೆ ಮಾತ್ರ ಒಂದು ಗಳಿಗೆ ಉಬ್ಬಿದಂತೆಯೇ ಇತ್ತು. ಆಮೇಲೆ ಮೆಲ್ಲಗೆ ಗಾಳಿ ಬಿಟ್ಟು, "ಆಯ್ತಲ್ಲ, ಇನ್ನೇನಿದೆ" ಎಂದು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸತೊಡಗಿದಳು. ಅಂದಿನಿಂದ ಮಾತಿಲ್ಲ. ಫೋನು ಮಾಡಿದರೆ ಭಾವ ಎತ್ತಿಕೊಂಡು, "ನಿಮ್ಮಕ್ಕ ಸ್ನಾನಕ್ಕೆ ಹೋಗಿದ್ದಾಳಮ್ಮ" ಎನ್ನುತ್ತಾರೆ. ಬೆಳಿಗ್ಗೆ ಮಾಡಿದರೂ ಸ್ನಾನ, ಸಂಜೆ ಮಾಡಿದರೂ ಸ್ನಾನ. ಇಷ್ಟು ಸ್ನಾನ ಮಾಡಿದರೆ ಮನುಷ್ಯರು ಸಾಬೂನಿನ ಹಾಗೆ ಕರಗಿಹೋಗಬೇಕಿತ್ತು. ಒಂದು ಸಲವಂತೂ ಭಾವನ ಹಿಂದಿನಿಂದ, "ತಲೆಗೆ ಎಣ್ಣೆ ಹಚ್ಚಿಕೊಂಡಿದ್ದಾಳೆ ಅಂತ ಹೇಳಿ, ಬೇರೆ ಏನಾದ್ರೂ ಹೇಳಿ" ಎಂಬ ಪಿಸುಮಾತೂ ಕೇಳಿಸಿತ್ತು. ಅವಳಿಗೆ ನಗು ಬಂತು. ತಾನು ಕಿತ್ತುಕೊಂಡದ್ದು ಒಂದು ವಾಕ್ಯ ಅಷ್ಟೇ. ಆದರೆ ಉಬ್ಬಿದ ಕೆನ್ನೆಯ ಮುಂದಿನಿಂದ ಕಿತ್ತುಕೊಂಡದ್ದು.

ಅಕ್ಕ ತೋಳಿಗೆ ಹತ್ತಿ ಒತ್ತಿಕೊಂಡು, ಹಿಂತಿರುಗಿ ನೋಡದೆ ತಿಂಡಿಗೆ ಹೋದಳು. ತಂಗಿ ಕೂತಲ್ಲೇ ಅಂಕಿಗಳನ್ನು ರಿಪೋರ್ಟು ಮಾಡುತ್ತ ಹೋದಳು. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ನಿನ್ನೆಯದನ್ನು ನೆನೆದು ಸ್ವಲ್ಪ ಹಿಗ್ಗುತ್ತಿತ್ತು. ಆ ಕೆಲಸವಾದರೂ ನೆಟ್ಟಗಾಗಿದೆಯಲ್ಲ ಎಂದು. ಹೋದ ವಾರ ಒಬ್ಬಾತ ಫೋನು ಮಾಡಿ, "ಅಮ್ಮಾ, ನನ್ನ ರಕ್ತದಲ್ಲಿ ಬರೀ ಚೌಕಗಳಿವೆ" ಎಂದಿದ್ದ. ಅವನ ಫೋನಿನಲ್ಲಿ ಕನ್ನಡ ಅಕ್ಷರಗಳ ಜಾಗದಲ್ಲೆಲ್ಲ ಖಾಲಿ ಚೌಕಗಳು ಕಾಣಿಸಿದ್ದವು. ಇನ್ನೂ ಕೆಲವರು ಅದನ್ನೇ ಹೇಳಿದ ಮೇಲೆ ಡಾಕ್ಟರು ಅವಳ ಕೋಣೆಗೆ ಬಂದು, "ನೋಡಿ, ರೋಗ ನಿಮ್ಮ ಪಿಡಿಎಫ್‌ಗೆ ಬಂದಿದೆ" ಎಂದಿದ್ದರು. ಹಾಗಾಗಿ ಅವಳು ನಿನ್ನೆ ಸೆಟ್ಟಿಂಗುಗಳ ಒಳಕ್ಕೆ ಇಳಿದಳು. ಅಲ್ಲಿ ಎಂಥೆಂಥ ಸಣ್ಣ ಬಾಗಿಲುಗಳಿದ್ದವು! ಪುಟದ ಅಳತೆ, ಚಿತ್ರಗಳ ತೂಕ, ಕಡತಕ್ಕೆ ಹೆಸರಿಡುವ ರೀತಿ, ಯಾರು ತೆರೆಯಬಹುದು ಯಾರು ತಿದ್ದಬಹುದು ಎಂಬ ಬೀಗಗಳು. ಒಂದು ಮೂಲೆಯಲ್ಲಿ, ಫಾಂಟನ್ನು ಕಡತದೊಳಗೇ ಸೇರಿಸಬೇಕೇ ಎಂದು ಕೇಳುವ ಒಂದು ಪುಟ್ಟ ಪೆಟ್ಟಿಗೆ ಖಾಲಿ ಬಿದ್ದಿತ್ತು. ಅದಕ್ಕೆ ಗುರುತು ಹಾಕಿದರೆ ಅಕ್ಷರಗಳು ಪಿಡಿಎಫ್‌ನ ಜೊತೆಗೇ ಪ್ರಯಾಣ ಮಾಡುತ್ತವೆ. ಹೋದ ಮನೆಯಲ್ಲಿ ಅವು ಇಲ್ಲದಿದ್ದರೂ ನಡೆಯುತ್ತದೆ. ಬುತ್ತಿ ಕಟ್ಟಿಕೊಂಡು ಹೋದ ಹಾಗೆ. ಗುರುತು ಹಾಕಿದಳು. ಚೌಕಗಳು ಹೋದವು. ಇಷ್ಟೇ ಆಗಿದ್ದರೆ ಒಳ್ಳೆಯದಿತ್ತು. ಆದರೆ ಹೋದ ತಿಂಗಳ ಒಂದು ರಿಪೋರ್ಟನ್ನು ಹೊಸದಾಗಿ ಮಾಡಿ ನೋಡಿದರೆ, ಪುಟದ ತೀರ ಅಡಿಯ ಸಾಲಿನಲ್ಲಿ ಅಕ್ಷರಗಳ ಕೆಳಗೆ ಜೋತುಬಿದ್ದ ಒತ್ತುಗಳು ಅರ್ಧಕ್ಕೆ ಕತ್ತರಿಸಿಹೋಗುತ್ತಿದ್ದವು, ಗಿಡ್ಡ ಹೊದಿಕೆಯ ಹೊರಗೆ ಕಾಲು ಉಳಿದವರ ಹಾಗೆ.

ಆ ಅಡಿಯ ಸಾಲು ಡಾಕ್ಟರದ್ದು. ಸಹಿಯ ಕೆಳಗೆ ತಿಂಗಳಿಗೊಂದು ಹಿತವಚನ ಹಾಕಿಸುವುದು ಅವರ ಪದ್ಧತಿ. ಮೊಮ್ಮಗುವಿಗೆ ಹೆಸರು ಹುಡುಕುವವರ ಹಾಗೆ ವಾರವೆಲ್ಲ ಹುಡುಕಿ, ಚೀಟಿಯಲ್ಲಿ ಬರೆದು ತಂದು ಕೊಡುತ್ತಿದ್ದರು. ಈ ತಿಂಗಳದ್ದು "ನಡೆಯಿರಿ, ನಗುತಲಿರಿ". ಅದರಲ್ಲಿ ಒತ್ತೇ ಇಲ್ಲ, ಪರೀಕ್ಷೆಗೆ ಬಾರದು. ಒತ್ತು ತುಂಬಿದ ಒಂದು ವಾಕ್ಯ ಬೇಕಿತ್ತು. ಯೋಚಿಸಲು ಅವಳು ಕಿಟಕಿಯ ಕಡೆ ನೋಡಿದಳು, ಅಷ್ಟರಲ್ಲಿ ಬೆರಳುಗಳೇ ಒಂದು ವಾಕ್ಯವನ್ನು ಬರೆದು ಮುಗಿಸಿದ್ದವು. ಅಡಿಯ ಜಾಗವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಹೆಚ್ಚಿಸುತ್ತ ಹೋದಳು. ಕೊನೆಗೆ ಒತ್ತುಗಳೆಲ್ಲ ಪೂರ್ತಿಯಾಗಿ, ದುಂಡಗೆ ಇಳಿದು ನಿಂತಾಗ ಎಷ್ಟು ಖುಷಿಯಾಯಿತೆಂದರೆ, ವಾಕ್ಯ ಏನು ಹೇಳುತ್ತದೆಂದು ನೋಡದೆ ಅದರ ಅಂದ ನೋಡಿದಳು. ಇದೇ ಎಲ್ಲಕ್ಕೂ ಇರಲಿ ಎಂದು ಉಳಿಸಿ, ಕಂಪ್ಯೂಟರು ಮುಚ್ಚಿ, ಮನೆಗೆ ಹೋಗುತ್ತ ದಾರಿಯಲ್ಲಿ ಹೂವೂ ಕೊಂಡಳು.

"ಮೇಡಂ," ಕೌಂಟರಿನ ಹುಡುಗಿ ಬಾಗಿಲಲ್ಲಿ ತಲೆ ಹಾಕಿದಳು. "ಈ ತಿಂಗಳು ಡಾಕ್ಟರ ಮಾತು ತುಂಬಾ ಚೆನ್ನಾಗಿದೆ. ನಿಜವಾಗ್ಲೂ ಮನಸ್ಸಿಗೆ ತಟ್ಟಿತು. ನಾನು ನಮ್ಮಕ್ಕನಿಗೆ ಕಳಿಸಿಯೂ ಬಿಟ್ಟೆ."

"ಯಾವ ಮಾತು? ನಡೆಯಿರಿ ನಗುತಲಿರಿ?"

"ಅದಲ್ಲ ಮೇಡಂ. 'ಅಕ್ಕ ಇನ್ನೂ ಸಿಟ್ಟು ಬಿಟ್ಟಿಲ್ಲ'."

ಕಿವಿಯ ಹಿಂದೆ ಯಾರೋ ತಣ್ಣೀರು ಹನಿಸಿದಂತಾಯಿತು. ತಟ್ಟೆಯಲ್ಲಿದ್ದ ಬೆಳಗಿನ ಹಾಳೆಯನ್ನು ಎಳೆದುಕೊಂಡು ಕೆಳಗಿನ ಅರ್ಧವನ್ನು ನೋಡಿದಳು. ಡಾಕ್ಟರ ಸಹಿ, ಅದರ ಕೆಳಗೆ ನಡುಮಧ್ಯದಲ್ಲಿ, ಒಂದು ಒತ್ತೂ ತುಂಡಾಗದೆ, ಮದುವೆಯ ಕರೆಯೋಲೆಯ ಅಕ್ಷರದಷ್ಟು ಚೆಂದವಾಗಿ ಆ ಸಾಲು. ಬೆಳಗಿನಿಂದ ಹೋದ ಪ್ರತಿಯೊಂದರಲ್ಲೂ. ಸಕ್ಕರೆಯವರಿಗೆ, ಥೈರಾಯ್ಡಿನವರಿಗೆ, ಬಸುರಿಯರಿಗೆ, ವಿದೇಶಕ್ಕೆ ಹೊರಟವರಿಗೆ. ಇಷ್ಟು ಹೊತ್ತಿಗೆ ಅಕ್ಕನ ಮೊದಲ ರಿಪೋರ್ಟೂ ಹೋಗಿರಬೇಕು. ಹೋಗಿತ್ತು. ಹೋಗಿದ್ದಷ್ಟೇ ಅಲ್ಲ, ತೆರೆದು ನೋಡಿದ್ದೂ ಆಗಿತ್ತು. ಕಂಪ್ಯೂಟರು ಅದಕ್ಕೊಂದು ನೀಲಿ ಗುರುತು ಹಾಕಿ, ಬೇಡವೆಂದರೂ ತೋರಿಸುತ್ತಿತ್ತು. ಮನೆಯ ಊಟದ ಮೇಜಿನ ಮುಂದೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ತನ್ನ ಸಕ್ಕರೆಯ ಅಂಕಿಯಿಂದ ಕೆಳಗಿಳಿದು, ಸಹಿ ದಾಟಿ ಅಲ್ಲಿಗೆ ಬಂದು ನಿಂತ ಅಕ್ಕನ ಕಣ್ಣು ಅವಳಿಗೆ ಕಂಡಿತು. ಬೀಗರ ಮುಂದೆ ಮರ್ಯಾದೆ ತೆಗೆದದ್ದು ಸಾಲದೆಂದು ಈಗ ಊರಿಗೆಲ್ಲ ಅಚ್ಚು ಹಾಕಿಸಿ ಹಂಚಿದಳು ಎಂದುಕೊಳ್ಳುವುದಿಲ್ಲವೇ? ಎರಡನೆಯ ರಕ್ತಕ್ಕೆ ಅಕ್ಕ ಇನ್ನು ಬರುವಳೇ?

ಅಷ್ಟರಲ್ಲಿ ಫೋನು. ಎತ್ತಿದರೆ ಕೋಣೆ ತುಂಬುವಂಥ ಒಂದು ಗಂಡುದನಿ. ತಾನು ಬಸ್ಸಿನ ಡ್ರೈವರೆಂದೂ, ನಿನ್ನೆ ಕೊಲೆಸ್ಟ್ರಾಲಿಗೆ ಕೊಟ್ಟಿದ್ದೆನೆಂದೂ ಹೇಳಿ, ಆ ದನಿ ಒಮ್ಮೆಗೇ ಇಳಿದು ಗುಟ್ಟಿನದಾಯಿತು. "ಅಲ್ಲಮ್ಮಾ, ನಮ್ಮಕ್ಕನ ವಿಷಯ ನಿಮಗೆ ಯಾರು ಹೇಳಿದ್ರು? ರಕ್ತದಲ್ಲಿ ಅದೂ ಗೊತ್ತಾಗುತ್ತಾ?"

ಅವಳು, "ಇಲ್ಲಪ್ಪ, ಅದು ನಮ್ಮ ಕಡೆಯಿಂದ ಸ್ವಲ್ಪ..." ಎನ್ನುವುದರೊಳಗೆ ಅವನೇ, "ಇರಲಿ ಬಿಡಿ, ಗೊತ್ತಾದದ್ದು ಒಳ್ಳೇದೇ ಆಯ್ತು" ಎಂದು ಇಟ್ಟುಬಿಟ್ಟ.

ಡಾಕ್ಟರ ಕೋಣೆಗೆ ಹೋಗುವ ಮೂರು ಹೆಜ್ಜೆಯ ದಾರಿ ಅವಳಿಗೆ ಶಾಲೆಯ ಹೆಡ್‌ಮಾಸ್ತರರ ಕೋಣೆಯ ದಾರಿಯಾಯಿತು. ಹಾಳೆಯನ್ನು ಅವರ ಮುಂದಿಟ್ಟು, ನಿನ್ನೆ ಆದದ್ದನ್ನೂ ಇವತ್ತು ಆದದ್ದನ್ನೂ ಒಂದೇ ಉಸಿರಿಗೆ ಹೇಳಿ, ತಲೆ ತಗ್ಗಿಸಿ ನಿಂತಳು. ಅವರು ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ, ಹಾಳೆಯನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಅಂಕಿಗಳೆಲ್ಲ ಸರಿ ಇದೆಯಾ?"

"ಇದೆ ಸಾರ್. ಅದನ್ನ ಎರಡು ಸಲ ನೋಡಿದೆ."

"ಹಾಗಾದ್ರೆ ಯಾರೂ ಸಾಯಲ್ಲ, ಕೂತ್ಕೊಳ್ಳಿ." ಇನ್ನೊಮ್ಮೆ ಓದಿದರು. "ನನ್ನ ಮಾತಿಗಿಂತ ಚೆನ್ನಾಗಿದೆ ಕಣ್ರೀ. ಅದೇ ಬೇಜಾರು. ಇಷ್ಟು ವರ್ಷದಿಂದ ನಡೆಯಿರಿ, ನಡೆಯಿರಿ ಅಂತ ಬರೀತಾ ಬಂದೆ. ಒಬ್ಬರಾದ್ರೂ ಫೋನು ಮಾಡಿ 'ಡಾಕ್ಟ್ರೇ, ನಡೆದೆ' ಅಂತ ಹೇಳಿದ್ದುಂಟಾ?"

ನಗಬೇಕೋ ಬೇಡವೋ ತಿಳಿಯದೆ ಅವಳು ಸೆರಗಿನ ತುದಿ ನೋಡಿದಳು.

"ಯಾರು ಆ ಅಕ್ಕ? ನಿಮ್ಮ ಸ್ವಂತ ಅಕ್ಕನೋ?"

"ಹೌದು ಸಾರ್."

"ಹಾಂ." ಮುಂದೆ ಕೇಳಲಿಲ್ಲ. ಕೇಳದೆ ಬಿಟ್ಟದ್ದನ್ನು ಅವಳು ಮನಸ್ಸಿನಲ್ಲೇ ಎತ್ತಿಟ್ಟುಕೊಂಡಳು. "ಆದ್ರೂ ರಿಪೋರ್ಟು ರಿಪೋರ್ಟೇ. ಸರಿಮಾಡಿ ಎಲ್ಲರಿಗೂ ಇನ್ನೊಂದು ಸಲ ಕಳಿಸಿಬಿಡಿ."

ಸರಿಮಾಡುವುದು ಎಷ್ಟರ ಕೆಲಸ. ಅಡಿಯ ಸಾಲಿಗೆ ಹೋಗಿ, ಆ ನಾಲ್ಕು ಪದಗಳನ್ನು ಅಳಿಸಿ, "ನಡೆಯಿರಿ, ನಗುತಲಿರಿ" ಎಂದು ಕೂರಿಸಿ ಉಳಿಸಿದಳು. ಒಂದೊಂದೇ ರಿಪೋರ್ಟನ್ನು ಹೊಸದಾಗಿ ಮಾಡಿ ಕಳಿಸುತ್ತ ಬಂದಳು. ಥೈರಾಯ್ಡು ಹೋಯಿತು, ಬಸುರಿಯರು ಹೋದರು, ಡ್ರೈವರು ಹೋದ. ಅಕ್ಕನ ಹೆಸರು ಬಂದಾಗ ಬೆರಳು ನಿಂತಿತು. ಕಳಿಸಿದರೆ ಏನಾಗುತ್ತದೆ? ಅಕ್ಕನ ಫೋನು ಟಿಣ್ಣೆನ್ನುತ್ತದೆ. ತೆರೆದು ನೋಡಿದರೆ ಅದೇ ಅಂಕಿ, ಅದೇ ಸಹಿ, ಅಡಿಯಲ್ಲಿ ಮಾತ್ರ ಒಂದು ಸಾಲು ಹೋಗಿ ಇನ್ನೊಂದು. ಆಡಿದ ಮಾತನ್ನು ಬಾಯಿಯಿಂದ ಬೇಗ ಬೇಗ ಒರೆಸಿಕೊಂಡ ಹಾಗೆ. ಅಥವಾ ಅಕ್ಕನ ಪ್ರತಿಗೆ ಮಾತ್ರ ಬೇರೆ ಏನನ್ನಾದರೂ ಹಾಕಬಹುದು. ಹಾಕಿಯೇ ನೋಡಿದಳು: "ತಪ್ಪಾಯಿತು ಅಕ್ಕ". ಸಕ್ಕರೆಯ ಅಂಕಿಯ ಕೆಳಗೆ ಕ್ಷಮೆ ಕೇಳುವುದು ಹಿತವೆನಿಸಲಿಲ್ಲ, ಅಳಿಸಿದಳು. "ಬಾ ಅಕ್ಕ" ಎಂದು ಬರೆದಳು. ರಕ್ತ ಕೊಡಲು ಬಾ ಎಂದೇ ಓದಿಕೊಂಡಾಳು, ಅದನ್ನೂ ಅಳಿಸಿದಳು. ಖಾಲಿ ಬಿಟ್ಟು ನೋಡಿದಳು. ಖಾಲಿ ಜಾಗ ಎಲ್ಲಕ್ಕಿಂತ ಹೆಚ್ಚು ಮಾತಾಡುತ್ತಿತ್ತು. ಆಮೇಲೆ ಅವಳಿಗೆ ಅನಿಸಿತು, ಬೆರಳುಗಳು ನಿನ್ನೆ ಬರೆದದ್ದರಲ್ಲಿ ಸುಳ್ಳೇನಿದೆ? ಫೋನಿನಲ್ಲಿ ಹೇಳಲಾಗದ್ದು, ಭಾವನ ಹತ್ತಿರ ಹೇಳಿ ಕಳಿಸಲಾಗದ್ದು, ನಿನ್ನ ಸಿಟ್ಟು ನನಗೆ ಪ್ರತಿದಿನ ನೆನಪಿದೆ ಎಂಬುದು, ಎಂತೋ ತಾನಾಗಿ ಹೋಗಿ ತಲುಪಿದೆ. ತಲುಪಿದ್ದನ್ನು ಹಿಂದಕ್ಕೆ ಕರೆಯುವುದು ಯಾಕೆ? ಡಾಕ್ಟರು ಎಲ್ಲರಿಗೂ ಎಂದಿದ್ದರು. ಎಲ್ಲರಲ್ಲಿ ಒಬ್ಬರನ್ನು ಬಿಟ್ಟಳು. ಬಿಟ್ಟು ಮುಂದಿನ ಹೆಸರಿಗೆ ಹೋದಳು, ಪರೀಕ್ಷೆಯಲ್ಲಿ ಒಂದು ಪ್ರಶ್ನೆಯನ್ನು ಬೇಕೆಂದೇ ಬಿಟ್ಟು ಬಂದವಳ ಹಾಗೆ.

ತಿಂಡಿಯಾಗಿ ಎರಡು ಗಂಟೆ ಕಳೆಯುವ ಹೊತ್ತು ಹತ್ತಿರವಾಗುತ್ತಿದ್ದಂತೆ ಅವಳು ಕಂಪ್ಯೂಟರಿನ ಮುಂದೆ ಕೂತೂ ಬಾಗಿಲನ್ನೇ ಕೇಳಿಸಿಕೊಳ್ಳುತ್ತಿದ್ದಳು. ಬಾಗಿಲು ತೆರೆದಾಗಲೆಲ್ಲ ಹೊರಗಿನ ರಸ್ತೆಯ ಸದ್ದು ಒಂದು ತುತ್ತು ಒಳಗೆ ಬಂದು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಒಮ್ಮೆ ಮಗುವೊಂದನ್ನು ಎತ್ತಿಕೊಂಡ ತಾಯಿ. ಒಮ್ಮೆ ಕೊರಿಯರಿನವನು. ಆಮೇಲೆ ಬಾಗಿಲಿಗಿಂತ ಅಗಲವಾದ ಒಬ್ಬ ಮನುಷ್ಯ ಖಾಕಿ ಅಂಗಿಯಲ್ಲಿ ಓರೆಯಾಗಿ ಒಳಬಂದ. ಮೀಸೆ ಅವನಿಗಿಂತ ಒಂದು ಹೆಜ್ಜೆ ಮುಂದಿತ್ತು. ಫೋನಿನ ದನಿಯೇ.

"ಅಮ್ಮಾ, ನನಗೆ ಆ ರಿಪೋರ್ಟು ಕಾಗದದ ಮೇಲೆ ಬೇಕು," ಎಂದ ಕೌಂಟರಿನಲ್ಲಿ. "ಈಗ ಕಳಿಸಿದ್ದೀರಲ್ಲ ನಡೆಯಿರಿ ನಗಿರಿ ಅಂತ, ಅದು ಬೇಡ. ಮೊದಲನೇದು. ಫೋನಲ್ಲಿ ತೋರಿಸಿದ್ರೆ ನಮ್ಮಕ್ಕ ನಂಬಲ್ಲ, ನೀನೇ ಮಾಡಿಸಿಕೊಂಡು ಬಂದಿದ್ದೀಯ ಅಂತಾಳೆ. ಡಾಕ್ಟರ ಸಹಿ ಇರೋ ಕಾಗದ ಆದ್ರೆ ಬಾಯಿ ಮುಚ್ಚಿಕೊಂಡು ಕೇಳ್ತಾಳೆ."

"ಅಣ್ಣ, ಆ ಸಾಲು ತಪ್ಪಾಗಿ ಬಂದದ್ದು," ಕೌಂಟರಿನ ಹುಡುಗಿಗೆ ನಗು ತಡೆಯಲಾಗುತ್ತಿರಲಿಲ್ಲ.

"ತಪ್ಪು ಯಾಕಾಗುತ್ತೆ? ನೂರಕ್ಕೆ ನೂರು ಸರಿ ಇದೆ. ಎರಡು ವರ್ಷದಿಂದ ಬಿಟ್ಟಿಲ್ಲ ಅವಳು."

"ಅದು ನಿಮ್ಮಕ್ಕನ ವಿಷಯ ಅಲ್ಲಪ್ಪ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ. "ಅದು ಡಾಕ್ಟರು ಬರೆದದ್ದೂ ಅಲ್ಲ. ನನ್ನ ತಂಗಿ ಬರೆದದ್ದು. ಆ ಅಕ್ಕ ನಾನೇ."

ಡ್ರೈವರಿನ ಮರೆಯಲ್ಲಿ ಅಕ್ಕ ಯಾವಾಗ ಒಳಬಂದಳೋ ಯಾರಿಗೂ ಕಂಡಿರಲಿಲ್ಲ. ಕುರ್ಚಿಗಳಲ್ಲಿದ್ದವರೆಲ್ಲ ತಿರುಗಿದರು. ಗಾಜಿನ ಈಚೆ ಅವಳು ಎದ್ದು ನಿಂತಳು, ನಿಂತದ್ದು ಯಾಕೆಂದು ಗೊತ್ತಿಲ್ಲದೆ. ಡ್ರೈವರು ಅಕ್ಕನನ್ನು ಮೇಲಿನಿಂದ ಕೆಳಗೆ ನೋಡಿ, ಮೀಸೆಯ ಒಂದು ತುದಿ ಕಡಿಯುತ್ತ, ಮಗುವಿನ ಹಾಗೆ ಕೇಳಿದ:

"ನಿಜವಾಗ್ಲೂ ಇನ್ನೂ ಬಿಟ್ಟಿಲ್ವಾ ಅಕ್ಕ?"

"ಅವಳು ಬರೆದ ಮೇಲೆ ಬಿಡೋಕಾಗುತ್ತಾ? ಡಾಕ್ಟರ ಸಹಿಯ ಕೆಳಗೆ ಅಚ್ಚಾದದ್ದು ಸುಳ್ಳಾಗಬಾರದಲ್ಲ."

ಇಡೀ ಕೋಣೆ ನಕ್ಕಿತು. ಅಕ್ಕ ನಗಲಿಲ್ಲ, ಆದರೆ ಈ ಸಲ ಕೂತ ಕುರ್ಚಿ ಗಾಜಿಗೆ ಎದುರಾಗಿತ್ತು.

"ಏನು ಮಾಡಿದಳು ಅಂಥದ್ದು?" ಮಗುವಿನ ತಾಯಿ ಕೇಳಿದಳು.

"ನಾನು ಹೇಳ್ತಿದ್ದ ಕಥೆ ಮುಗಿಸೋಕೆ ಬಿಡಲಿಲ್ಲ."

"ಅಷ್ಟೇನಾ!" ಎಂದ ಡ್ರೈವರು.

"ನಿನ್ನ ಬಸ್ಸನ್ನ ಕೊನೇ ನಿಲ್ದಾಣದ ಹತ್ತಿರ ಬೇರೆ ಯಾರೋ ಹತ್ತಿ ಓಡಿಸಿಕೊಂಡು ಹೋದ್ರೆ ನೀನು ಅಷ್ಟೇನಾ ಅಂತೀಯಾ?"

ಅವನು ಯೋಚಿಸಿದ. "ಇಲ್ಲ. ಅನ್ನಲ್ಲ. ಸರಿ, ಇಲ್ಲಿ ಎಲ್ಲರೂ ಕಾಯ್ತಾನೇ ಕೂತಿದ್ದೀವಿ. ಈಗ ಹೇಳಿ."

ಸೊಳ್ಳೆರಾಯರು ಅಕ್ಕನ ತೋಳಿಗೆ ಕಟ್ಟಲು ರಬ್ಬರು ಹಿಡಿದು ಬಂದವರು, ಅದನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡು, "ಇನ್ನೂ ಹತ್ತು ನಿಮಿಷ ಇದೆ ಅಮ್ಮ, ಆಮೇಲೆ ತೆಗೀತೀನಿ" ಎಂದರು. ಹತ್ತು ನಿಮಿಷ ಇರಲಿಲ್ಲ. ಗೋಡೆಯ ಗಡಿಯಾರ ಅವಳಿಗೂ ಕಾಣುತ್ತಿತ್ತು.

ಅಕ್ಕ ಕಥೆ ತೆಗೆದಳು. ತಂಗಿ ಗಾಜಿನ ಬಾಗಿಲನ್ನು ಸ್ವಲ್ಪ ತೆರೆದು ಚೌಕಟ್ಟಿಗೆ ಒರಗಿ ನಿಂತಳು. ಒಂದೊಂದು ವಾಕ್ಯವೂ ಬರುವ ಮೊದಲೇ ಅವಳೊಳಗೆ ಬಂದು ನಿಲ್ಲುತ್ತಿತ್ತು. ಅಪ್ಪನಿಗೆ ಫೋಟೋದವನು ಕೊಟ್ಟ ಎರವಲು ಕೋಟು. ಅಮ್ಮ ಕಾಲು ಕಾಣದಂತೆ ಸೀರೆ ಎಳೆದುಕೊಂಡದ್ದು. ತುಟಿ ಒಳಗಿನಿಂದ ಕಚ್ಚಿ ಹಿಡಿದಳು. ಉಸಿರು ಬಿಡಬೇಡಿ. ಅಕ್ಕ ಕೆನ್ನೆ ಉಬ್ಬಿಸಿದಳು, ಮಗುವೂ ನೋಡಿ ಉಬ್ಬಿಸಿತು. ತಂಗಿ ಕೆಂಪಾದಳು, ನೀಲಿಯಾದಳು, ಕ್ಯಾಮೆರಾ ಕ್ಲಿಕ್ಕೆನ್ನುವ ಗಳಿಗೆಗೆ ಸರಿಯಾಗಿ ಬುಸ್ಸೆಂದು ತಲೆ ಕೊಡವಿದಳು. ವಾರ ಬಿಟ್ಟು ಎಲ್ಲರೂ ಫೋಟೋ ತರಲು ಹೋದರೆ, ಫೋಟೋದವನು ಅದನ್ನು ಬೆಳಕಿಗೆ ಹಿಡಿದು ಹೇಳಿದನಂತೆ: "ಸ್ವಾಮಿ, ಕೂತಾಗ ನಾಲ್ಕು ಜನ ಇದ್ರಿ. ಫೋಟೋದಲ್ಲಿ ಐದು ಜನ ಬಂದಿದ್ದೀರಿ. ಸಣ್ಣಮ್ಮನಿಗೆ ಎರಡು ಮುಖ!"

ಕೋಣೆ ನಕ್ಕಿತು, ಡ್ರೈವರು ತೊಡೆ ತಟ್ಟಿಕೊಂಡ. ಕಥೆ ಮುಗಿಯಿತೆಂದು ಅವಳು ಉಸಿರು ಬಿಟ್ಟಳು. ಆದರೆ ಅಕ್ಕ ಕುರ್ಚಿಯಲ್ಲಿ ಹಾಗೇ ಕೂತು, ನಗು ಪೂರ್ತಿ ನಿಲ್ಲುವ ತನಕ ಕಾಯುತ್ತಿದ್ದಳು.

"ಇಲ್ಲಿಗೆ ಬರೋ ಹೊತ್ತಿಗೆ ಎಲ್ಲರೂ ನಗ್ತಾರೆ," ಎಂದಳು. "ನಕ್ಕು ಕೈ ತೊಳೆಯೋಕೆ ಏಳ್ತಾರೆ. ಮುಂದಿನದನ್ನ ಇವತ್ತಿನವರೆಗೂ ಯಾರೂ ಕೇಳಿಲ್ಲ."

ಮುಂದಿನದು? ಅವಳು ಚೌಕಟ್ಟಿನಿಂದ ಬೆನ್ನು ತೆಗೆದಳು.

"ಫೋಟೋ ನೋಡಿ ಇವಳು ಅಳೋಕೆ ಶುರು ಮಾಡಿದಳು. ನಾನು ಎಲ್ಲರದನ್ನೂ ಹಾಳು ಮಾಡಿದೆ ಅಂತ. ಅಮ್ಮ ಎತ್ತಿಕೊಂಡರೂ ಇಲ್ಲ, ನಾನು ಮುದ್ದು ಮಾಡಿದರೂ ಇಲ್ಲ. ನಮ್ಮಪ್ಪ ಮಾತು ಕಮ್ಮಿ. ಸುಮ್ಮನೆ ಹೋಗಿ ಮತ್ತೆ ಕುರ್ಚಿ ಮೇಲೆ ಕೂತರು. ಇನ್ನೊಂದು ತೆಗೀರಿ ಅಂದರು. ಸರಿ, ಎಲ್ಲರೂ ಕೂತೆವು. ಆಗ ಅಪ್ಪ ನಮ್ಮ ಕಡೆ ಬಗ್ಗಿ ಹೇಳಿದರು: 'ಅವನು ಅಲುಗಬೇಡಿ ಅಂದ ತಕ್ಷಣ ಎಲ್ಲರೂ ಜೋರಾಗಿ ತಲೆ ಅಲ್ಲಾಡಿಸಿ.' ಅಮ್ಮ, ಇದೇನ್ರೀ ಹುಚ್ಚು ಅಂದರು. ಅಂದರೂ ಅಲ್ಲಾಡಿಸಿದರು. ನಾಲ್ಕು ಜನವೂ. ಫೋಟೋದವನು ಬಟ್ಟೆಯಿಂದ ತಲೆ ಈಚೆ ತೆಗೆದು, 'ಸ್ವಾಮಿ, ಇದರ ಹಿಂದೆ ನನ್ನ ಅಂಗಡಿ ಮೊಹರು ಹಾಕಲ್ಲ, ಮರ್ಯಾದೆ ಪ್ರಶ್ನೆ' ಅಂದ. ಹಾಕಲೂ ಇಲ್ಲ. ಮುಂದಿನ ವಾರ ಅದನ್ನ ತರೋಕೆ ಹೋದಾಗ ಇವಳು ಮಾತ್ರ ಆ ಫೋಟೋ ನೋಡ್ತಾ, 'ಅಪ್ಪನಿಗೂ ಎರಡು ಮುಖ, ಅಕ್ಕನಿಗೂ ಎರಡು ಮುಖ' ಅಂತ ಮನೆವರೆಗೂ ನಗ್ತಾ ಬಂದಳು."

ಈ ಸಲ ಯಾರೂ ಜೋರಾಗಿ ನಗಲಿಲ್ಲ. ಡ್ರೈವರು ಮೀಸೆಯ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದ. ಅಮ್ಮ ಹೋದ ಮೇಲೆ ಪೆಟ್ಟಿಗೆ ಖಾಲಿ ಮಾಡುವಾಗ ಸಿಕ್ಕಿದ ಒಂದು ಫೋಟೋ ಅವಳಿಗೆ ನೆನಪಾಯಿತು: ಹಿಂದೆ ಯಾವ ಮೊಹರೂ ಇಲ್ಲದ್ದು, ನಾಲ್ಕು ಮೋಡಗಳನ್ನು ತಂದು ಕುರ್ಚಿಗಳ ಮೇಲೆ ಕೂರಿಸಿದಂಥದ್ದು. "ಇದು ಕೆಟ್ಟುಹೋದದ್ದು ಅಕ್ಕ, ಎಸೆಯಲಾ?" ಎಂದಿದ್ದಳು. ಅಕ್ಕ ಅದನ್ನು ಅವಳ ಕೈಯಿಂದ ಕಿತ್ತುಕೊಂಡಿದ್ದಳು. ಅಕ್ಕನಿಗೆ ಏನೂ ಎಸೆಯಲು ಮನಸ್ಸಿಲ್ಲವೆಂದು ಅವಳು ಆಗ ಅಂದುಕೊಂಡಿದ್ದಳು. ಫೋಟೋದವನ ಮುಂದೆ ತಲೆ ಅಲ್ಲಾಡಿಸಿದ ಅಪ್ಪ, ಎರವಲು ಕೋಟಿನಲ್ಲಿ. ಎದೆಯೊಳಗೆ ಏನೋ ನಗುವಿನ ಹಾಗೆ ಎದ್ದು ಕಣ್ಣಿಗೆ ಬಂತು. ಅವಳು ಅದನ್ನು ಒರೆಸಿಕೊಳ್ಳಲು ಹೋಗಲಿಲ್ಲ.

"ಬೀಗರಿಗೆ ಅದನ್ನ ಹೇಳಬೇಕು ಅಂತಿದ್ದೆ," ಎಂದಳು ಅಕ್ಕ, ಕೋಣೆಗೆ ಹೇಳುವ ಹಾಗೆ. "ನಮ್ಮ ಹುಡುಗಿ ಎಂಥಾ ಮನೆಯವಳು ಅಂತ ಅವರಿಗೆ ಗೊತ್ತಾಗಲಿ ಅಂತ."

ಅವಳು ಗಾಜಿನ ಬಾಗಿಲು ದಾಟಿ ಈಚೆ ಬಂದಳು. "ನನಗೇ ಗೊತ್ತಿರಲಿಲ್ಲ ಅಕ್ಕ."

"ನಿನಗೆ ಹೇಗೆ ಗೊತ್ತಿರುತ್ತೆ? ಮೂರು ವರ್ಷ. ಬಾಯಿ ಮಾತ್ರ ಆಗಲೇ ಇಷ್ಟಿತ್ತು."

"ಇನ್ನೊಂದು ಸಲ ಬೀಗರನ್ನ ಕರೆಯೋಣ. ನಾನು ಬಾಯಿಗೆ ಬಟ್ಟೆ ತುರುಕಿಕೊಂಡು ಕೂತಿರ್ತೀನಿ."

"ಉಸಿರು ಕಟ್ಟಿ ಸತ್ತೀಯ. ನಿನಗೆ ಅದೊಂದು ಅಭ್ಯಾಸ ಇದೆ."

"ಈಗಲಾದ್ರೂ ತೋಳು ಕೊಡ್ತೀರಾ ಅಮ್ಮ?" ಸೊಳ್ಳೆರಾಯರು ಜೇಬಿನಿಂದ ರಬ್ಬರು ತೆಗೆದರು. ಅಕ್ಕ ತೋಳು ಚಾಚಿದಳು. ಎಡ ಹೆಗಲು ಬಲದ್ದರ ಸಮಕ್ಕೆ ಇಳಿದಿತ್ತು. ಡ್ರೈವರು ಕೌಂಟರಿಗೆ ಬಗ್ಗಿ, ಈಗ ತನಗೆ ಕಾಗದ ಬೇಡವೆಂದೂ, ತನ್ನ ಅಕ್ಕನ ಮನೆ ಬಸ್ಸಿನ ದಾರಿಯಲ್ಲೇ ಇದೆಯೆಂದೂ ಪಿಸುದನಿಯಲ್ಲಿ ಹೇಳುತ್ತಿದ್ದುದು ಎಲ್ಲರಿಗೂ ಕೇಳಿಸಿತು.

ಅವಳು ತನ್ನ ಕೋಣೆಗೆ ಮರಳಿ ಕೂತಳು. ಕೆಲಸ ರಾಶಿ ಬಿದ್ದಿತ್ತು. ಅಂಕಿಗಳು ಬರುತ್ತಿದ್ದವು, ಹೋಗುತ್ತಿದ್ದವು. ಪ್ರತಿ ಪುಟವನ್ನೂ ಈಗ ಅಡಿಯಿಂದ ಮೇಲಕ್ಕೆ ಓದುತ್ತಿದ್ದಳು. ಪಕ್ಕದಲ್ಲಿ ಯಾರೋ ನಿಂತದ್ದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು. ಅಕ್ಕ. ತೋಳು ಮಡಿಸಿ ಹತ್ತಿ ಒತ್ತಿ ಹಿಡಿದಿದ್ದಳು; ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ. ಕೀಲಿಮಣೆಯನ್ನು ಮೊಣಕೈಯಿಂದ ಒಂದಿಷ್ಟು ಆಚೆ ಸರಿಸಿದಳು, ಮೇಜಿನ ಅಷ್ಟು ಜಾಗವನ್ನು ಸೆರಗಿನಿಂದ ಒರೆಸಿದಳು, ಚೀಲದಿಂದ ಎರಡು ಅಂತಸ್ತಿನ ಡಬ್ಬಿ ತೆಗೆದಳು. ಮೇಜಿನ ಮೇಲಿಡದೆ ತಂಗಿಯ ಕೈಗೇ ಕೊಟ್ಟಳು. ತಳ ಇನ್ನೂ ಬಿಸಿಯಿತ್ತು. ಅವಳು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿಯುವ ತನಕ ಅಕ್ಕ ಬಿಡದೆ ಹಿಡಿದುಕೊಂಡಿದ್ದು, ಆಮೇಲೆ ಬಿಟ್ಟಳು.